ಇಂಗ್ಲಿಷ್ ಬರೆವಣಿಗೆಯಲ್ಲಿ ಸರ್ವನಾಮ: ಕನ್ನಡಿಗನ ಒಂದು ತೊಡಕು

ಹೊರನಾಡಿನ ಕನ್ನಡಿಗನು ಬರೆಯುವ ಇಂಗ್ಲಿಷಿನ ಮೇಲೆ ವಾಡಿಕೆಯಾಗಿ ಹೊರಿಸುವ ದೋಷಗಳು ಎರಡು. ‘ಎ’, ‘ದಿ’ ಎಂಬ ಉಪಪದಗಳನ್ನು ಆತನು ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಸೇರಿಸುತ್ತಾನೆಂಬುದು ಒಂದು. ‘ಇನ್’, ‘ಆನ್’, ‘ಅಟ್’ ಇವುಗಳ ನಡುವಣ ಭೇದವನ್ನು ಆತನ ಕಿವಿ ಗುರುತಿಸದೆಂಬುದು ಇನ್ನೊಂದು. ಇವೆರಡೂ ನಿಜವೆಂದೇ ಇಟ್ಟುಕೊಂಡರೂ ಇವುಗಳಿಂದ ಕೆಡುವುದು ಶೈಲಿಯೇ ಹೊರತು ಅರ್ಥವಲ್ಲ. ಉಪಪದವೊಂದು ಬಿದ್ದುಹೋದ ವಾಕ್ಯವನ್ನು ಓದಿದವನು ಮುಗುಳ್ನಕ್ಕು ಮುಂದೆ ಸಾಗುವನು, ಮೋಸಹೋಗುವುದಿಲ್ಲ. ಅರ್ಥವನ್ನೇ ಕೆಡಿಸುವ ಮೂರನೆಯ ದೋಷವೊಂದುಂಟು. ಅದನ್ನು ಕುರಿತು ಚರ್ಚೆ ನಡೆದುದು ಕಡಮೆ. ಸರ್ವನಾಮವು ಯಾವ ನಾಮದ ಸ್ಥಾನದಲ್ಲಿ ನಿಂತಿದೆಯೆಂಬುದು ತಿಳಿಯದಂತೆ ಬರೆಯುವುದೇ ಆ ದೋಷ. ಇಂಥ ವಾಕ್ಯದಲ್ಲಿ ವ್ಯಾಕರಣದ ತಪ್ಪು ಇರುವುದಿಲ್ಲವಾದುದರಿಂದ ಉಪಾಧ್ಯಾಯರ ಕೆಂಪು ಮಸಿ ಅದನ್ನು ಮುಟ್ಟುವುದಿಲ್ಲ. ಬರೆದವನಿಗಂತೂ ಅರ್ಥವು ಮೊದಲೇ ಗೊತ್ತಿರುವುದರಿಂದ ಅನುಮಾನವೇ ಹುಟ್ಟುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ‘ಸಾಲಗಾರನು ತಾನು ತನ್ನ ಹೊಲವನ್ನು ಮಾರುವೆನೆಂದು ಜಾಮೀನುದಾರನಿಗೆ ತಿಳಿಸಿದನು’ ಎಂಬುದು ಸರಳವಾದ ಕನ್ನಡ ವಾಕ್ಯ. ಮಾರುವವನು ಸಾಲಗಾರ, ಹೊಲವೂ ಸಾಲಗಾರನದೇ, ಸಂದೇಹಕ್ಕೆ ಎಡೆಯಿಲ್ಲ. ಇದನ್ನೇ ಬ್ಯಾಂಕಿನ ಕಾಗದದಲ್ಲಿ ಇಂಗ್ಲಿಷಿಗೆ ಇಳಿಸಿದರೆ ‘ದಿ ಬಾರೋಅರ್ ಇನ್‌ಫಾರ್ಮ್ಡ್ ದಿ ಗ್ಯಾರಂಟರ್ ದಟ್ ಹಿ ವುಡ್ ಸೆಲ್ ಹಿಸ್ ಲ್ಯಾಂಡ್’ ಎಂದಾಗುವುದು. ಈಗ ‘ಹಿ’ ಎಂಬುದು ಇಬ್ಬರಲ್ಲಿ ಯಾರಾದರೂ ಆಗಬಹುದು. ‘ಹಿಸ್’ ಎಂಬುದೂ ಹಾಗೆಯೇ. ಒಂದು ಅರ್ಥವಿದ್ದ ಮಾತಿಗೆ ನಾಲ್ಕು ಅರ್ಥಗಳಾದುವು. ಮಾರಾಟವಾಗುವುದು ಸಾಲಗಾರನ ಹೊಲವಾದರೆ ಸಾಲ ತೀರುವ ದಾರಿ ಕಂಡಿತೆಂದು ಮೇಲಧಿಕಾರಿಯು ತಿಳಿದುಕೊಳ್ಳಬಹುದು. ಜಾಮೀನುದಾರನ ಹೊಲವಾದರೆ ಸಾಲಕ್ಕಿದ್ದ ಆಧಾರವೇ ಕೈಬಿಡುತ್ತಿದೆಯೆಂದು ಗಾಬರಿಗೊಳ್ಳಬಹುದು. ಕಾಗದವನ್ನು ಓದುವ ಮೇಲಧಿಕಾರಿ ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಕುಳಿತವನು. ಸಾಲಗಾರನನ್ನಾಗಲಿ ಜಾಮೀನುದಾರನನ್ನಾಗಲಿ ಕಂಡವನಲ್ಲ. ಅವನಿಗಿರುವುದು ಕಾಗದವೊಂದೇ.

ಮನ್ಮಾಡಿನಂಥ ಊರಿನಲ್ಲಿ ನೆಲಸಿದ ಕನ್ನಡಿಗನ ಭಾಷಾಜೀವನವನ್ನು ನೆನೆದರೆ ಈ ತೊಡಕಿನ ಮೂಲವು ಹೊಳೆಯುತ್ತದೆ. ಮುಂಬಯಿ–ಭುಸಾವಳ ಮಾರ್ಗಕ್ಕೆ ದೌಂಡದ ಕಡೆಯಿಂದ ಒಂದು, ಛತ್ರಪತಿ ಸಂಭಾಜಿನಗರದ ಕಡೆಯಿಂದ ಒಂದು, ಹೀಗೆ ಎರಡು ಮಾರ್ಗಗಳು ಬಂದು ಕೂಡುವ ಜಂಕ್ಷನ್ ಅದು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಹಾದುಹೋಗುವುದೂ ಅಲ್ಲಿಯೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಮೇರೆಯೆಂದು ಹೆಸರಿಸಿದ ಗೋದಾವರಿಯಿಂದ ಆಚೆಗೆ ಕೊಂಚವೇ ದೂರ. ಇಂಥಲ್ಲಿ ಬಾಳುವ ಕನ್ನಡಿಗನಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು. ಈ ನಾಲ್ಕರಲ್ಲಿ ಮೂರು ಭಾಷೆಗಳು ‘ತನ್ನದು’, ‘ಅವನದು’ ಎಂಬೆರಡನ್ನು ಬೇರೆ ಬೇರೆ ಮಾತುಗಳಿಂದ ಹೇಳುತ್ತವೆ. ಕನ್ನಡದ ‘ತನ್ನ’, ಮರಾಠಿಯ ‘ಆಪಲಾ’, ಹಿಂದಿಯ ‘ಅಪನಾ’ ಒಂದು ಪಕ್ಷ. ‘ಅವನ’, ‘ತ್ಯಾಚಾ’, ‘ಉಸಕಾ’ ಇನ್ನೊಂದು ಪಕ್ಷ. ಇಂಗ್ಲಿಷು ಮಾತ್ರ ಎರಡಕ್ಕೂ ‘ಹಿಸ್’ ಎಂಬ ಒಂದೇ ಮಾತನ್ನು ಇಟ್ಟುಕೊಂಡಿದೆ. ‘ಹಿಮ್‌ಸೆಲ್ಫ್’ ಎಂಬುದುಂಟಾದರೂ ಅದರ ಅಧಿಕಾರ ಒಂದು ಉಪವಾಕ್ಯದ ಗಡಿಯನ್ನು ದಾಟದು; ‘ಹಿಸ್ ಓನ್’ ಎಂದರೂ ಆ ‘ಹಿಸ್’ ಯಾರದೆಂಬ ಪ್ರಶ್ನೆ ಉಳಿದೇ ಇರುವುದು. ದಿನದ ಮುಕ್ಕಾಲು ಪಾಲನ್ನು ‘ತನ್ನ’ ಎಂಬುದರ ಆಸರೆಯಲ್ಲಿ ಕಳೆಯುವವನು ಕಚೇರಿಯ ಮೇಜಿನ ಮುಂದೆ ಕುಳಿತೊಡನೆ ಆ ಆಸರೆಯನ್ನು ಕಳೆದುಕೊಳ್ಳುತ್ತಾನೆ. ಕಳೆದುಕೊಂಡುದು ಅವನ ಅರಿವಿಗೇ ಬರುವುದಿಲ್ಲ. ದೋಷದ ಬೇರು ಇಂಗ್ಲಿಷ್ ವ್ಯಾಕರಣದ ಅಜ್ಞಾನದಲ್ಲಿಲ್ಲ, ಕನ್ನಡವು ಒದಗಿಸುವ ಆಸರೆಗಳ ಮೇಲಣ ನಂಬಿಕೆಯಲ್ಲಿದೆ.

ಈ ಆಸರೆಗಳಲ್ಲಿ ‘ತಾನು’ ಮೊದಲನೆಯದಷ್ಟೆ. ಎರಡನೆಯದನ್ನು ವಿವರಿಸಲು ಡಿ. ಎನ್. ಶಂಕರ ಭಟ್ಟರ (1935–2023) ಗ್ರಂಥವೊಂದನ್ನು ನೆನೆಯಬೇಕು. ಕನ್ನಡ ಬರೆಹದ ಸುಧಾರಣೆಯ ವಾದದಿಂದಲೂ, ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಿಂದಲೂ ಅವರ ಹೆಸರನ್ನು ಬಲ್ಲವರು 2004ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವು ಪ್ರಕಟಿಸಿದ ‘ಪ್ರೊನೌನ್ಸ್’ ಎಂಬ ಅವರ ಇಂಗ್ಲಿಷ್ ಗ್ರಂಥವನ್ನೂ ನೋಡತಕ್ಕದ್ದು. ಸರ್ವನಾಮಗಳೆಂದು ಒಂದೇ ಗುಂಪಿಗೆ ಸೇರಿಸಿದ ಪದಗಳು ವಸ್ತುತಃ ಎರಡು ಜಾತಿಯವೆಂಬುದು ಅದರ ಮುಖ್ಯ ಪ್ರತಿಪಾದನೆ. ‘ನಾನು’, ‘ನೀನು’ ಎಂಬವು ಯಾವ ನಾಮದ ಬದಲಿಗೂ ಬಂದವಲ್ಲ. ಮಾತಿನ ವ್ಯವಹಾರದಲ್ಲಿ ಆಡುವವನ ಪಾತ್ರವನ್ನೂ ಕೇಳುವವನ ಪಾತ್ರವನ್ನೂ ಸೂಚಿಸುವಂಥವು. ‘ಅವನು’, ‘ಅದು’, ‘ಯಾರು’ ಮೊದಲಾದುವುಗಳ ಕೆಲಸವೇ ಬೇರೆ. ಪ್ರಥಮಪುರುಷದ ಪದಗಳು ಕೆಲವು ಭಾಷೆಗಳಲ್ಲಿ ತೋರಿಸುವ ಪದಗಳಿಂದಲೇ ಆಗಿರುತ್ತವೆ, ಇನ್ನು ಕೆಲವದರಲ್ಲಿ ಅವುಗಳಿಂದ ಬೇರೆಯಾಗಿರುತ್ತವೆ. ಮೊದಲನೆಯ ಬಗೆಯವನ್ನು ಇಬ್ಬರು ಪುರುಷರ ಭಾಷೆಗಳೆಂದೂ ಎರಡನೆಯ ಬಗೆಯವನ್ನು ಮೂವರು ಪುರುಷರ ಭಾಷೆಗಳೆಂದೂ ಭಟ್ಟರು ವಿಭಾಗಿಸುತ್ತಾರೆ.

ಈ ವಿಭಾಗವು ಪ್ರಸ್ತುತ ವಿಷಯಕ್ಕೆ ಕೀಲಿಕೈ. ಕನ್ನಡದಲ್ಲಿ ‘ಅವನು’ ಎಂದರೆ ಆ ಮನುಷ್ಯ. ‘ಇವನು’ ಎಂದರೆ ಈ ಮನುಷ್ಯ. ಹಳಗನ್ನಡದಲ್ಲಿ ಇವೆರಡರ ನಡುವೆ ನಿಂತವನನ್ನು ಸೂಚಿಸಲು ಉಕಾರದ ರೂಪವೊಂದು ಇತ್ತೆಂಬುದನ್ನು ಕಿಟ್ಟೆಲ್ಲರ 1894ರ ನಿಘಂಟು ದಾಖಲಿಸಿದೆ. ಆ ಮೂರನೆಯದು ಮರೆಯಾದರೂ ಉಳಿದೆರಡು ಇಂದಿಗೂ ಕೈಬೆರಳಿನಂತೆ ತೋರಿಸುವ ಶಕ್ತಿಯನ್ನು ಉಳಿಸಿಕೊಂಡಿವೆ. ಕಥೆ ಹೇಳುವ ಅಜ್ಜಿಯು ಇಬ್ಬರು ಗಂಡಸರ ಜಗಳವನ್ನು ಬಣ್ಣಿಸುವಾಗ ಒಬ್ಬನನ್ನು ‘ಅವನು’ ಮಾಡಿ ಇನ್ನೊಬ್ಬನನ್ನು ‘ಇವನು’ ಮಾಡಿ ಕೊನೆಯವರೆಗೂ ಗೊಂದಲವಿಲ್ಲದೆ ನಡೆಸಿಬಿಡುವಳು. ಇಂಗ್ಲಿಷಿನ ‘ಹಿ’ ಏನನ್ನೂ ತೋರಿಸುವುದಿಲ್ಲ. ಹಿಂದೆ ಬಂದುದನ್ನು ನೆನಪಿಸುವುದಷ್ಟೇ ಅದರ ಕೆಲಸ. ಹಿಂದೆ ಇಬ್ಬರು ಬಂದಿದ್ದರೆ ಯಾರನ್ನು ನೆನೆಯಬೇಕೆಂಬುದನ್ನು ಅದು ಓದುಗನಿಗೇ ಬಿಡುತ್ತದೆ. ಭಟ್ಟರ ಗ್ರಂಥವು ಭಾಷಾವಿಜ್ಞಾನಿಗಳಿಗಾಗಿ ಬರೆದದ್ದು. ಕಾಗದ ಬರೆಯುವವನಿಗೆ ಉಪದೇಶ ಮಾಡುವುದು ಅದರ ಉದ್ದೇಶವಲ್ಲ. ಆದರೂ ಬರೆವಣಿಗೆಯ ಕೈಪಿಡಿಗಳು ‘ಸರ್ವನಾಮವು ಸ್ಪಷ್ಟವಾಗಿರಲಿ’ ಎಂದಿಷ್ಟೇ ಹೇಳಿ ಬಿಡುವಲ್ಲಿ, ಕನ್ನಡಿಗನಿಗೆ ಅದು ಏಕೆ ಅಸ್ಪಷ್ಟವಾಗುತ್ತದೆಂಬ ಕಾರಣವನ್ನು ಊಹಿಸಲು ಈ ಶಾಸ್ತ್ರಗ್ರಂಥವೇ ಹೆಚ್ಚು ನೆರವಾಗುತ್ತದೆ.

ಮೂರನೆಯ ಆಸರೆ ‘ಎಂದು’ ಎಂಬ ಅವ್ಯಯ. ‘ನೀನು ತಪ್ಪಿದೆ ಎಂದು ಮೇಲಧಿಕಾರಿಯು ಗುಮಾಸ್ತನಿಗೆ ಹೇಳಿದನು’ ಎಂದಾಗ ಆಡಿದ ಮಾತಿನ ‘ನೀನು’ ಹಾಗೆಯೇ ಉಳಿದುಕೊಳ್ಳುತ್ತದೆ. ಇಂಗ್ಲಿಷಿನ ಪರೋಕ್ಷ ಕಥನದಲ್ಲಿ ‘ಐ’, ‘ಯು’ ಎರಡೂ ‘ಹಿ’ ಆಗಿ ಕರಗಿಹೋಗುತ್ತವೆ. ‘ದಿ ಮ್ಯಾನೇಜರ್ ಟೋಲ್ಡ್ ದಿ ಕ್ಲಾರ್ಕ್ ದಟ್ ಹಿ ವಾಸ್ ರಾಂಗ್’ ಎಂಬಲ್ಲಿ ಮೇಲಧಿಕಾರಿಯು ಗುಮಾಸ್ತನನ್ನು ಗದರಿಸಿದನೋ, ಅಥವಾ ಅಪರೂಪದ ಔದಾರ್ಯದಿಂದ ತನ್ನ ತಪ್ಪನ್ನೇ ಒಪ್ಪಿಕೊಂಡನೋ ತಿಳಿಯದು. ಶಾಲೆಯ ಪಾಠಕ್ರಮವು ಈ ಕೇಡನ್ನು ಬೆಳೆಸುತ್ತಲೇ ಬಂದಿದೆ. ರೆನ್ ಮತ್ತು ಮಾರ್ಟಿನ್ ಮೊದಲಾದವರ ವ್ಯಾಕರಣಗಳನ್ನು ಹಿಡಿದು ಪ್ರತ್ಯಕ್ಷ ಕಥನವನ್ನು ಪರೋಕ್ಷಕ್ಕೆ ತಿರುಗಿಸುವ ಅಭ್ಯಾಸಗಳನ್ನು ತಲೆಮಾರುಗಳ ಮಕ್ಕಳು ಮಾಡಿದ್ದಾರೆ. ಕಾಲ ಬದಲಾಯಿತೇ, ಪುರುಷ ಬದಲಾಯಿತೇ ಎಂದು ನೋಡಿ ಅಂಕ ಕೊಡುವುದು ರೂಢಿ. ತಿರುಗಿಸಿದ ಮೇಲೂ ಅರ್ಥವು ಮೊದಲಿನಂತೆ ಉಳಿಯಿತೇ ಎಂದು ನೋಡುವುದು ರೂಢಿಯಲ್ಲಿಲ್ಲ. ಹೀಗೆ ಪರೋಕ್ಷವೇ ಸಭ್ಯವಾದ ರೂಪವೆಂಬ ಭಾವನೆ ನೆಲೆಯೂರಿಬಿಟ್ಟಿದೆ. ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಬರೆಯಬಾರದೆಂಬ ವಿಧಿ ಇಂಗ್ಲಿಷಿನಲ್ಲಿ ಎಲ್ಲಿಯೂ ಇಲ್ಲ. ಸಂದೇಹಕ್ಕೆ ಎಡೆಯಿರುವ ಕಡೆಗಳಲ್ಲಿ ಹಾಗೆ ಬರೆಯುವುದೇ ಲೇಸು.

ಕ್ರಿಯಾಪದದ ಪ್ರತ್ಯಯಗಳ ವಿಚಾರವನ್ನು ಹೆಚ್ಚು ಬೆಳೆಸಬೇಕಾದುದಿಲ್ಲ. ಬಂದನು, ಬಂದಳು, ಬಂದಿತು, ಬಂದರು ಎಂಬ ರೂಪಗಳಲ್ಲಿಯೇ ಕರ್ತೃವಿನ ಗುರುತು ಇರುವುದರಿಂದ ಕನ್ನಡವು ಕರ್ತೃಪದವನ್ನು ಧಾರಾಳವಾಗಿ ಬಿಟ್ಟುಬಿಡುತ್ತದೆ. ‘ಕಾಗದವನ್ನು ಓದಿ, ಸಹಿ ಹಾಕಿ, ಕಳುಹಿಸಿದನು’ ಎಂಬಲ್ಲಿ ಸರ್ವನಾಮವೇ ಇಲ್ಲ. ಇದನ್ನು ಇಂಗ್ಲಿಷಿಗೆ ಒಯ್ಯುವವನು ಒಂದೊಂದು ಕ್ರಿಯೆಗೂ ಒಂದೊಂದು ‘ಹಿ’ಯನ್ನು ಹೊಸದಾಗಿ ತರುವನು, ಮೂರು ಕೃತ್ಯಗಳನ್ನು ಮಾಡಿದವನು ಒಬ್ಬನೇ ಎಂಬ ಭರವಸೆ ಆಗ ಸಡಿಲವಾಗುತ್ತದೆ.

ಇಷ್ಟರಿಂದ ಕನ್ನಡವು ಸಂದಿಗ್ಧತೆಯ ಸೋಂಕಿಲ್ಲದ ಭಾಷೆಯೆಂದು ಹೆಮ್ಮೆಪಡಲಾಗದು. ‘ರಾಮನು ಕೃಷ್ಣನು ತನ್ನ ಮನೆಗೆ ಹೋದನೆಂದು ಹೇಳಿದನು’ ಎಂಬಲ್ಲಿ ‘ತನ್ನ’ ಎಂಬುದು ಹೇಳಿದ ರಾಮನಿಗೂ ಹೋದ ಕೃಷ್ಣನಿಗೂ ಸಮನಾಗಿ ಸಲ್ಲುವುದು. ಕರ್ತೃಗಳು ಇಬ್ಬರಾದೊಡನೆ ‘ತಾನು’ ಕೂಡ ಕೈಕೊಡುವ ಸಂಭವವುಂಟು. ‘ಇದರಿಂದ’ ಎಂಬ ಮಾತಂತೂ ಕನ್ನಡ ಗದ್ಯದಲ್ಲಿ ಹಿಂದಿನ ಪದವನ್ನೋ, ಹಿಂದಿನ ವಾಕ್ಯವನ್ನೋ, ಹಿಂದಿನ ಪುಟವನ್ನೋ ಸೂಚಿಸುತ್ತ ತಿರುಗುವುದು. ಅದೇ ಸಡಿಲತನವು ಇಂಗ್ಲಿಷಿನಲ್ಲಿ ‘ದಿಸ್’, ‘ವಿಚ್’ಗಳ ರೂಪದಲ್ಲಿ ಕಾಣಿಸಿಕೊಳ್ಳುವುದು. ಇಂಗ್ಲಿಷರಾದರೂ ಹುಟ್ಟಿನಿಂದಲೇ ಈ ವಿಷಯದಲ್ಲಿ ಜಾಣರಲ್ಲ. ವಿಲಿಯಂ ಕಾಬೆಟ್ಟನು 1818ರಲ್ಲಿ ಮಗನಿಗೆ ಬರೆದ ಪತ್ರಗಳ ರೂಪದಲ್ಲಿ ಹೊರತಂದ ವ್ಯಾಕರಣದಲ್ಲಿ ‘ಇಟ್’ ಎಂಬ ಪುಟ್ಟ ಪದವನ್ನು ಕುರಿತು ಕಟುವಾದ ಎಚ್ಚರಿಕೆಯನ್ನು ಕೊಟ್ಟಿದ್ದಾನೆ. ಅವನು ತಪ್ಪುಗಳನ್ನು ಆರಿಸಿಕೊಂಡುದು ಬಡ ಗುಮಾಸ್ತರ ಕಾಗದಗಳಿಂದಲ್ಲ. ಹೆಸರಾಂತ ವಿದ್ವಾಂಸರ ಗ್ರಂಥಗಳಿಂದ, ಪಾರ್ಲಿಮೆಂಟಿನ ಮುಂದೆ ಓದಿದ ರಾಜನ ಭಾಷಣಗಳಿಂದ.

ಸಂದೇಹ ಬಂದಾಗ ಭಾರತೀಯ ಕಚೇರಿಗಳ ಇಂಗ್ಲಿಷು ಹಿಡಿಯುವ ಉಪಾಯಗಳು ಕುತೂಹಲಕರವಾಗಿವೆ. ‘ಕೈಂಡ್‌ಲಿ ರಿಟರ್ನ್ ದಿ ಸೇಮ್’ ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ‘ದಿ ಸೇಮ್’ ಎಂಬುದನ್ನು ಸರ್ವನಾಮವಾಗಿ ಬಳಸುವುದನ್ನು ಫೌಲರನು 1926ರ ತನ್ನ ಪ್ರಯೋಗಕೋಶದಲ್ಲಿ ಖಂಡಿಸಿದ್ದಾನೆ; ಆ ಖಂಡನೆ ಸೊಗಸಿನ ದೃಷ್ಟಿಯದು. ಅದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೊಂದಿದೆ: ‘ಇಟ್’ ಎಂಬುದು ಅಸ್ಪಷ್ಟವಾದ ಕಡೆ ‘ದಿ ಸೇಮ್’ ಎಂಬುದೂ ಅಷ್ಟೇ ಅಸ್ಪಷ್ಟ. ಹಿಂದೆ ಪಾಸ್‌ಬುಕ್ಕೂ ಇತ್ತು, ರಸೀದಿಯೂ ಇತ್ತು ಎಂದಾದರೆ ಹಿಂದಿರುಗಿಸಬೇಕಾದುದು ಯಾವುದು? ‘ದಿ ಸೆಡ್’ ಎಂಬುದು ಕನ್ನಡ ಕಚೇರಿಗಳ ‘ಸದರಿ’, ಮರಾಠಿ ದಫ್ತರಿನ ‘ಸದರಹೂ’, ‘ಮಜಕೂರ’ ಇವುಗಳ ಒಡಹುಟ್ಟು. ನಾಮದ ಜೊತೆಯಲ್ಲಿ ಬರುವುದರಿಂದ ಅದು ಅಷ್ಟು ಅಪಾಯಕಾರಿಯಲ್ಲ, ಭಾರವಷ್ಟೇ ಹೆಚ್ಚು. ‘ದಿ ಫಾರ್ಮರ್’, ‘ದಿ ಲ್ಯಾಟರ್’ ಎಂಬವು ಓದುಗನನ್ನು ಹಿಂದಿನ ಸಾಲಿಗೆ ಅಟ್ಟಿ ಎಣಿಕೆಗೆ ಹಚ್ಚುತ್ತವೆ. ‘ಹಿ’ ಎಂದು ಬರೆದು ಪಕ್ಕದಲ್ಲಿ ಕಂಸದೊಳಗೆ ಹೆಸರನ್ನು ಸೇರಿಸುವುದು ಇನ್ನೊಂದು ಪದ್ಧತಿ; ಪ್ರಾಮಾಣಿಕವಾದ ಪದ್ಧತಿಯೇ ಸರಿ, ಆದರೆ ಹೆಸರನ್ನು ಬರೆದದ್ದಾದ ಮೇಲೆ ‘ಹಿ’ಗೆ ಅಲ್ಲೇನು ಕೆಲಸ?

ಈ ಉಪಾಯಗಳೆಲ್ಲ ಹುಟ್ಟಿದ್ದು ಒಂದು ಭಯದಿಂದ: ಒಮ್ಮೆ ಹೇಳಿದ ನಾಮವನ್ನು ಮತ್ತೆ ಹೇಳುವುದು ಪುನರುಕ್ತಿದೋಷವೆಂಬ ಭಯ. ಕಾವ್ಯದಲ್ಲಿ ಸಲ್ಲುವ ಈ ದೋಷವಿಚಾರವನ್ನು ವ್ಯವಹಾರದ ಗದ್ಯಕ್ಕೆ ಅನ್ವಯಿಸಿದುದೇ ಅನರ್ಥಕ್ಕೆ ಕಾರಣ. ವ್ಯವಹಾರದ ಗದ್ಯದಲ್ಲಿ ಉತ್ತಮವಾದದ್ದು ಪುನರುಕ್ತಿಗೆ ಅಂಜಿಲ್ಲ. ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಕರಡಾಗಿ 1860ರಲ್ಲಿ ಶಾಸನವಾದ ಭಾರತೀಯ ದಂಡಸಂಹಿತೆಯ ಉದಾಹರಣೆಗಳನ್ನು ಓದಿದವರಿಗೆ ಇದು ಗೊತ್ತು. ಅಲ್ಲಿಯ ಪಾತ್ರಗಳಿಗೆ ಹೆಸರಿಲ್ಲ. ‘ಎ’, ‘ಝಡ್’ ಮುಂತಾದ ಅಕ್ಷರಗಳೇ ಅವರು. ಕಳವನ್ನು ವಿವರಿಸುವ 378ನೆಯ ಪ್ರಕರಣದ ಮೊದಲ ಉದಾಹರಣೆಯಲ್ಲಿ ‘ಎ’ ಎಂಬವನು ‘ಝಡ್’ ಎಂಬವನ ನೆಲದಲ್ಲಿಯ ಮರವನ್ನು ಕಡಿಯುತ್ತಾನೆ. ನೆಲವು ‘ಝಡ್‌’ನದು, ಸ್ವಾಧೀನವು ‘ಝಡ್‌’ನದು, ಇಲ್ಲದಿರುವ ಸಮ್ಮತಿಯೂ ‘ಝಡ್‌’ನದು ಎಂದು ಅಕ್ಷರವು ಮರಳಿ ಮರಳಿ ಬರುತ್ತದೆ. ಇಂಗ್ಲಿಷ್ ಗದ್ಯದ ಶೈಲಿಕಾರರಲ್ಲಿ ಒಬ್ಬನೆನಿಸಿದ ಮೆಕಾಲೆಗೆ ಇದು ಕಿವಿಗೆ ಇಂಪಲ್ಲವೆಂದು ತಿಳಿಯದೆ ಇರಲಿಲ್ಲ. ಮನುಷ್ಯನೊಬ್ಬನು ಸೆರೆಗೆ ಹೋಗುವುದೋ ಬಿಡುವುದೋ ‘ಹಿಸ್’ ಎಂಬ ಪದವೊಂದರ ಮೇಲೆ ನಿಲ್ಲಬಾರದೆಂಬುದೇ ಅಲ್ಲಿಯ ವಿವೇಕ. ಬ್ಯಾಂಕುಗಳ ವ್ಯವಹಾರಕ್ಕೆ ಬೇಕಾದ ಶಾಸನಗಳಲ್ಲಿಯೂ ಇದೇ ವಿವೇಕ ಇನ್ನೊಂದು ರೂಪದಲ್ಲಿದೆ. 1872ರ ಕರಾರು ಶಾಸನದ 126ನೆಯ ಪ್ರಕರಣವು ಜಾಮೀನಿನ ಕರಾರಿನಲ್ಲಿ ಸೇರಿದ ಮೂವರಿಗೂ ಬೇರೆ ಬೇರೆ ಹೆಸರಿಟ್ಟಿದೆ. 1881ರ ವರ್ಗಾವಣೀಯ ಪತ್ರಗಳ ಶಾಸನವು ಚೆಕ್ಕನ್ನು ಬರೆದವನು, ಯಾರ ಮೇಲೆ ಬರೆದಿದೆಯೋ ಆತನು, ಹಣವನ್ನು ಪಡೆಯುವವನು ಎಂಬ ಮೂವರನ್ನು ‘ಡ್ರಾಅರ್’, ‘ಡ್ರಾಯೀ’, ‘ಪೇಯೀ’ ಎಂದು ಕರೆದು ಸರ್ವನಾಮದ ಹಂಗನ್ನೇ ಬಹುಮಟ್ಟಿಗೆ ಕಳೆದಿದೆ. ರೈಲ್ವೆಯಲ್ಲಿಯೂ ಹೀಗೆಯೇ. ಮೂರು ದಿಕ್ಕಿನ ಗಾಡಿಗಳು ಕೂಡುವ ಜಂಕ್ಷನ್ನಿನಲ್ಲಿ ಗಾಡಿ ಬಿಡಲು ಪಕ್ಕದ ನಿಲ್ದಾಣದ ಒಪ್ಪಿಗೆಯನ್ನು ಕೇಳುವವರು ‘ಅದನ್ನು ಬಿಡಲೇ?’ ಎನ್ನುವಂತಿಲ್ಲ, ಗಾಡಿಯ ಸಂಖ್ಯೆಯನ್ನೇ ಹೇಳಬೇಕು.

ಹಾಗೆಂದು ಎಲ್ಲ ಕಾಗದಗಳನ್ನೂ ದಂಡಸಂಹಿತೆಯಂತೆ ಬರೆಯಬೇಕೆಂಬುದು ಅತಿರೇಕ. ಬ್ರಿಟಿಷ್ ಸರಕಾರದ ನೌಕರರಿಗಾಗಿ ಸರ್ ಅರ್ನೆಸ್ಟ್ ಗವರ್ಸರು 1948ರಲ್ಲಿಯೂ 1954ರಲ್ಲಿಯೂ ಪ್ರಕಟಿಸಿದ ಕೈಪಿಡಿಗಳು ಈ ಬಗೆಯ ಗ್ರಂಥಗಳಲ್ಲಿ ಇಂದಿಗೂ ಉತ್ತಮವೆನ್ನಬೇಕು. ಸರ್ವನಾಮದ ಅಪಾಯಗಳನ್ನು ಹೇಳಿದ ತರುವಾಯ, ಅಧಿಕಾರಿಗಳಿಗೆ ಸರ್ವನಾಮದ ಬಗ್ಗೆ ಇರುವ ಅಂಜಿಕೆಯೂ ಅಷ್ಟೇ ಅಪಾಯಕರವೆಂದು ಗವರ್ಸರು ಸೇರಿಸುತ್ತಾರೆ. ಶಾಸನದ ಭಾಷೆಗೆ ಸರ್ವನಾಮದ ಭಯವಿರುವುದು ಸಹಜ, ನಾಗರಿಕನಿಗೆ ಬರೆಯುವ ಕಾಗದಕ್ಕೆ ಆ ಭಯ ಬೇಕಿಲ್ಲ ಎಂಬುದು ಅವರ ಮತ. ಒಪ್ಪತಕ್ಕ ಮಾತು. ಆದರೆ ಗವರ್ಸರ ಓದುಗರು ‘ತಾನು’ ಎಂಬ ಆಸರೆಯನ್ನು ಎಂದೂ ಕಾಣದವರು. ಆದುದರಿಂದ ಅದಿಲ್ಲದೆ ನಡೆಯುವುದನ್ನು ಬಾಲ್ಯದಿಂದಲೇ ಕಲಿತವರು. ಕನ್ನಡಿಗನಿಗೆ ಅವರ ಔಷಧಿಯ ಪ್ರಮಾಣವನ್ನು ಕೊಂಚ ಬದಲಿಸಬೇಕು. ಒಂದು ವಾಕ್ಯದಲ್ಲಿ ಒಂದೇ ಲಿಂಗದ ಇಬ್ಬರು ಬಂದರೆ ನಾಮವನ್ನೇ ಪುನಃ ಬರೆಯುವುದು, ಒಬ್ಬನೇ ಇದ್ದಲ್ಲಿ ‘ಹಿ’ ಎಂದು ನಿರ್ಭಯವಾಗಿ ಬರೆಯುವುದು, ಇಷ್ಟೇ ಸಾಕಾದೀತು. ಅದಕ್ಕೂ ಮೊದಲು ಮಾಡಬಹುದಾದ ಪರೀಕ್ಷೆಯೊಂದಿದೆ. ಬರೆದ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಿಸಿ ನೋಡಿ, ಯಾವ ‘ಹಿಸ್’ ಕನ್ನಡದಲ್ಲಿ ‘ತನ್ನ’ ಆಗುವುದೋ ಅದರ ಪಕ್ಕದಲ್ಲಿ ಇನ್ನೊಬ್ಬ ಗಂಡಸು ನಿಂತಿದ್ದಾನೆಯೇ ಎಂದು ಕೇಳಿಕೊಳ್ಳುವುದು. ನಿಂತಿದ್ದರೆ ಅಲ್ಲಿಯೇ ತೊಡಕು.

ಲಿಂಗದ ಪ್ರಶ್ನೆಯಲ್ಲಿ ಕನ್ನಡಿಗನ ಸ್ಥಿತಿ ಸುಖಕರವಾದುದು. ಹಳೆಯ ದಂಡಸಂಹಿತೆಯ 8ನೆಯ ಪ್ರಕರಣವು ‘ಹಿ’ ಎಂಬ ಸರ್ವನಾಮವು ಗಂಡಸಿಗೂ ಹೆಂಗಸಿಗೂ ಸಲ್ಲುವುದೆಂದು ವಿಧಿಸಿತ್ತು. 2023ರಲ್ಲಿ ಅಂಗೀಕೃತವಾಗಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಅದೇ ಮಾತನ್ನು ಇಟ್ಟುಕೊಂಡು ತೃತೀಯ ಲಿಂಗದವರನ್ನೂ ಅದರೊಳಗೆ ಸೇರಿಸಿದೆ. ಶಾಸನಕ್ಕೆ ಹೀಗೆ ವ್ಯಾಖ್ಯೆಯ ಬಲವಿದೆ, ಕಾಗದಕ್ಕೆ ಅದಿಲ್ಲ. ಯಾರೆಂದು ತಿಳಿಯದ ಅರ್ಜಿದಾರರನ್ನು ‘ಹಿ’ ಎನ್ನುವುದು ಅನ್ಯಾಯ, ‘ಹಿ ಆರ್ ಷಿ’ ಎಂದು ಸಾಲುಸಾಲಿಗೂ ಬರೆಯುವುದು ಕುಂಟುನಡೆ. ಒಬ್ಬರನ್ನೇ ‘ದೇ’ ಎಂದು ಕರೆಯುವ ಮೂರನೆಯ ಮಾರ್ಗವನ್ನು ಕಂಡು ಹುಬ್ಬು ಗಂಟಿಕ್ಕುವ ವಿದ್ವಾಂಸರುಂಟು. ಕನ್ನಡಿಗನು ಹಾಗೆ ಗಂಟಿಕ್ಕಲು ಕಾರಣವೇ ಇಲ್ಲ. ಏಕವ್ಯಕ್ತಿಗೆ ಬಹುವಚನವನ್ನಿತ್ತು ಲಿಂಗವನ್ನು ಮರೆಯಿಸುವ ‘ಅವರು’ ಅವನ ಬಾಯಲ್ಲಿ ದಿನಕ್ಕೆ ನೂರು ಬಾರಿ ಬರುವಂಥದು.

ಕೊನೆಯದಾಗಿ ಉತ್ತಮಪುರುಷದ ಬಹುವಚನ. ಇಲ್ಲಿ ಕನ್ನಡವೂ ಇಂಗ್ಲಿಷೂ ಸಮಾನವಾಗಿ ಬಡವು. ಕೇಳುವವನನ್ನು ಸೇರಿಸಿಕೊಂಡ ‘ನಾವು’, ಅವನನ್ನು ಬಿಟ್ಟ ‘ನಾವು’ ಎಂಬ ಭೇದವನ್ನು ತಮಿಳು ‘ನಾಮ್’, ‘ನಾಂಗಳ್’ ಎಂದೂ, ತೆಲುಗು ‘ಮನಮು’, ‘ಮೇಮು’ ಎಂದೂ, ತುಳು ‘ನಮ’, ‘ಎಂಕುಳು’ ಎಂದೂ ಉಳಿಸಿಕೊಂಡಿವೆ. ಕನ್ನಡದ ‘ನಾವು’ ಎರಡಕ್ಕೂ ಒಂದೇ. ಆಶ್ಚರ್ಯವೆಂದರೆ ಆರ್ಯಭಾಷಾವರ್ಗದ ಮರಾಠಿಯಲ್ಲಿ ಈ ಭೇದವು ಸ್ಪಷ್ಟವಾಗಿದೆ: ಸೇರಿಸಿಕೊಂಡರೆ ‘ಆಪಣ’, ಬಿಟ್ಟರೆ ‘ಆಮ್ಹಿ’. ಆ ‘ಆಪಣ’ವೇ ಗೌರವದ ಮಧ್ಯಮಪುರುಷವೂ ಆಗುವುದು, ಆತ್ಮವಾಚಕವಾದ ಕನ್ನಡದ ‘ತಾವು’ ಎದುರಿಗಿದ್ದ ಹಿರಿಯರನ್ನು ಸಂಬೋಧಿಸುವ ಪದವಾದಂತೆಯೇ ಇದೂ. ಭಾರತೀಯರ ಇಂಗ್ಲಿಷಿನಲ್ಲಿ ‘ಯುವರ್ ಗುಡ್‌ಸೆಲ್ಫ್’ ಎಂಬ ವಿಚಿತ್ರ ಗೌರವ ಕಾಣಿಸಿಕೊಂಡರೆ ಅದರ ಹಿಂದೆ ‘ತಾವು’, ‘ಆಪಣ’ಗಳ ನೆರಳನ್ನು ಗುರುತಿಸುವುದು ಕಷ್ಟವಲ್ಲ.

ಹೊರನಾಡಿನ ಸಂಘವ್ಯವಹಾರದಲ್ಲಿ ಈ ‘ನಾವು’ ಹಣದ ಪ್ರಶ್ನೆಯೂ ಆಗಬಲ್ಲುದು. ಸಂಘವೊಂದರ ಕಾರ್ಯಕಾರಿ ಸಮಿತಿಯು ಸದಸ್ಯರಿಗೆ ಇಂಗ್ಲಿಷಿನಲ್ಲಿ ಸುತ್ತೋಲೆ ಕಳುಹಿಸಿ ‘ವಿ ಷಲ್ ಬೇರ್ ದಿ ಎಕ್ಸ್‌ಪೆನ್ಸಸ್’ ಎಂದಿತೆಂದು ಇಟ್ಟುಕೊಳ್ಳೋಣ. ಖರ್ಚನ್ನು ಹೊರುವವರು ಸಮಿತಿಯವರೇ, ಅಥವಾ ಸುತ್ತೋಲೆಯನ್ನು ಓದುತ್ತಿರುವ ಸದಸ್ಯರೂ ಅದರಲ್ಲಿ ಸೇರಿದರೇ? ಬರೆದ ಕನ್ನಡಿಗನಿಗೆ ಈ ಪ್ರಶ್ನೆ ತೋಚದಿರುವುದು ಸಹಜ. ಅವನ ಮಾತೃಭಾಷೆಯೇ ಅದನ್ನು ಕೇಳುವುದಿಲ್ಲ. ಅದೇ ಕಾಗದವು ಮರಾಠಿ ಮಾತೃಭಾಷೆಯ ಲೆಕ್ಕತಪಾಸಣೆಗಾರರ ಕೈಗೆ ಹೋದರೆ ಅವರು ಮೊದಲು ಕೇಳುವುದೇ ಇದು: ‘ಆಮ್ಹಿ’ಯೋ, ‘ಆಪಣ’ವೋ? ‘ದಿ ಕಮಿಟಿ’ ಎಂದೋ ‘ದಿ ಕಮಿಟಿ ಅಂಡ್ ದಿ ಮೆಂಬರ್ಸ್’ ಎಂದೋ ಬರೆದಿದ್ದರೆ ಆ ಪ್ರಶ್ನೆ ಏಳುತ್ತಿರಲಿಲ್ಲ.